ಇವಾಂಜೆಲಿಯನ್: ಫ್ರಾಯ್ಡ್ ಎಲ್ಲಿಯವರೆಗೆ ಜೊತೆಗೆ ಬರುತ್ತಾನೆ?

ಅನಿಮೆ (ಜಪಾನಿನ ಅನಿಮೇಷನ್) ಪಾತ್ರಗಳಿಗೆ ಫ್ರಾಯ್ಡ್ ಅಂಟಿಸುವ ಚಟ ಹತ್ತಿದವರು ಇವತ್ತಲ್ಲ ನಾಳೆ ಬಂದು ನಿಲ್ಲುವುದು ‘ನಿಯಾನ್ ಜೆನೆಸಿಸ್ ಇವಾಂಜೆಲಿಯನ್’ ಬಾಗಿಲಲ್ಲೇ. ಹಿದೆಯಾಕಿ ಆನ್ನೋ ನಿರ್ದೇಶನ, ಗೈನಾಕ್ಸ್ ಸ್ಟುಡಿಯೋ, ಟಿವಿ ಟೋಕಿಯೋದಲ್ಲಿ 1995ರ ಅಕ್ಟೋಬರ್ 4ರಿಂದ 1996ರ ಮಾರ್ಚ್ 27ರವರೆಗೆ 26 ಎಪಿಸೋಡ್. ಆಮೇಲೆ 1997ರ ಜುಲೈನಲ್ಲಿ 87 ನಿಮಿಷದ ಸಿನಿಮಾ, ‘ದಿ ಎಂಡ್ ಆಫ್ ಇವಾಂಜೆಲಿಯನ್’. 2019ರ ಜೂನ್ 21ರಂದು ಎರಡೂ ನೆಟ್‌ಫ್ಲಿಕ್ಸಿಗೆ ಬಂದವು. ಸೀರೀಸ್ ಚೆನ್ನಾಗಿದೆಯೇ ಎಂದರೆ, ಚೆನ್ನಾಗಿದೆ. ಆ ಮಾತು ಅಲ್ಲಿಗೆ ಬಿಡೋಣ. ಇಲ್ಲಿ ನೋಡಬೇಕಾದ್ದು ಬೇರೆ: ಮನೋವಿಶ್ಲೇಷಣೆಯ ಕೈಚೀಲ ಹಿಡಿದು ಕೂತರೆ ಯಾವ ಉಪಕರಣ ಕೆಲಸಕ್ಕೆ ಬರುತ್ತದೆ, ಯಾವುದು ಕೈಕೊಡುತ್ತದೆ. ಕಥೆಯ ಗುಟ್ಟುಗಳೆಲ್ಲ ಮುಂದೆ ಬಯಲಾಗುತ್ತವೆ. ನೋಡದವರು ನೋಡಿಬಂದು ಓದುವುದು ಒಳ್ಳೆಯದು.

ಚೌಕಟ್ಟು ಇಷ್ಟು. ಕಥೆಯ ಕಾಲ 2015. ಹದಿನಾಲ್ಕು ವರ್ಷದ ಶಿಂಜಿಯನ್ನು ತಂದೆ ಗೆಂಡೋ ‘ಬಾ’ ಎಂಬ ಒಂದೇ ಪದದ ಪತ್ರ ಬರೆದು ಕರೆಸಿಕೊಳ್ಳುತ್ತಾನೆ. ಕರೆಸಿದ್ದು ಮಗನ ಮುಖ ನೋಡಲಿಕ್ಕಲ್ಲ, ಇವಾ ಎಂಬ ಯುದ್ಧದೈತ್ಯದೊಳಗೆ ಪೈಲಟ್ ಆಗಿ ಕೂರಿಸಲಿಕ್ಕೆ. ತಾಯಿ ಯುಯಿ 2004ರಲ್ಲಿ ಅದೇ ಇವಾದ ಪ್ರಯೋಗದಲ್ಲಿ ಕರಗಿಹೋದವಳು. ಅವಳ ಆತ್ಮ ಆ ದೈತ್ಯದೊಳಗೇ ಇದೆ.

ಮೊದಲು ಎಪಿಸೋಡುಗಳ ಹೆಸರು ನೋಡಿ. ಪ್ರತಿಯೊಂದಕ್ಕೂ ಎರಡೆರಡು ಹೆಸರು: ಆರಂಭದಲ್ಲಿ ಜಪಾನಿ, ನಡುವಿನ ಕಾರ್ಡಿನಲ್ಲಿ ಇಂಗ್ಲಿಷ್. ಒಂದು ಇನ್ನೊಂದರ ಅನುವಾದ ಆಗಿರಲೇಬೇಕೆಂದಿಲ್ಲ. 19ನೆಯದಕ್ಕೆ ಜಪಾನಿಯಲ್ಲಿ ‘ಗಂಡಸಿನ ಕದನ’ ಎಂಬರ್ಥದ ಹೆಸರು, ಇಂಗ್ಲಿಷಿನಲ್ಲಿ ‘ಇಂಟ್ರೊಜೆಕ್ಷನ್’ (ಹೊರಗಿನದನ್ನು ಮನಸ್ಸು ಒಳಗೆಳೆದುಕೊಳ್ಳುವುದು). 18ನೆಯದು ‘ಆಂಬಿವಲೆನ್ಸ್’ (ಒಬ್ಬರ ಮೇಲೇ ಪ್ರೀತಿ, ದ್ವೇಷ ಎರಡೂ), 20ನೆಯದರಲ್ಲಿ ‘ಓರಲ್ ಸ್ಟೇಜ್’ (ಕೂಸಿನ ಬಾಯಿಯ ಹಂತ), 16ನೆಯದು ‘ಸ್ಪ್ಲಿಟಿಂಗ್ ಆಫ್ ದಿ ಬ್ರೆಸ್ಟ್’. ಇಷ್ಟು ನೋಡಿದ್ದೇ ತಡ, ಎಲ್ಲವೂ ಫ್ರಾಯ್ಡ್ ಎಂದು ಬರೆದುಬಿಡುವವರಿದ್ದಾರೆ. ಅಲ್ಲ. ಆಂಬಿವಲೆನ್ಸ್ ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಕೊಟ್ಟ ಪದ. ಇಂಟ್ರೊಜೆಕ್ಷನ್ 1909ರಲ್ಲಿ ಹಂಗೆರಿಯ ವಿಶ್ಲೇಷಕ ಫೆರೆಂಜಿ ತಂದದ್ದು, ಫ್ರಾಯ್ಡ್ ಆಮೇಲೆ ಎರವಲು ಪಡೆದ. ಮೊಲೆಯನ್ನು ‘ಒಳ್ಳೆಯದು’, ‘ಕೆಟ್ಟದ್ದು’ ಎಂದು ಕೂಸು ಎರಡಾಗಿ ಸೀಳಿಕೊಳ್ಳುತ್ತದೆ ಎಂಬುದು ಮಕ್ಕಳ ಮನೋವಿಶ್ಲೇಷಕಿ ಮೆಲನಿ ಕ್ಲೈನ್ ಮಾತು. ನಾಲ್ಕರಲ್ಲಿ ನೇರವಾಗಿ ಫ್ರಾಯ್ಡನದು ‘ಓರಲ್ ಸ್ಟೇಜ್’ ಒಂದೇ. ಸಿನಿಮಾದಲ್ಲಿ ಕೇಳಿಬರುವ ‘ಡೆಸ್ಟ್ರುಡೋ’ (ನಾಶದ ತುಡಿತ) ಪದವನ್ನೂ ಬಳಕೆಗೆ ತಂದವನು ಎಡೋರ್ಡೋ ವೈಸ್ ಎಂಬ ಇಟಲಿಯ ವಿಶ್ಲೇಷಕ. ಈ ಗುರುತು ತಪ್ಪಿದರೆ ಮುಂದಿನ ಓದೂ ತಪ್ಪುತ್ತದೆ. ತಂದೆಯ ಕಡೆ ನೋಡಬೇಕೋ ತಾಯಿಯ ಕಡೆ ನೋಡಬೇಕೋ ಎಂಬುದನ್ನು ಈ ಹೆಸರುಗಳೇ ಹೇಳುತ್ತಿವೆ.

ನಾಲ್ಕನೆಯ ಎಪಿಸೋಡಿನ ಹೆಸರಲ್ಲಿ ಒಂದು ತಮಾಷೆ ಇದೆ. ಮೈತುಂಬ ಮುಳ್ಳಿರುವ ಪ್ರಾಣಿಗಳು ಚಳಿಗೆ ಹತ್ತಿರ ಬಂದರೆ ಮುಳ್ಳು ಚುಚ್ಚುತ್ತದೆ, ದೂರ ಸರಿದರೆ ನಡುಕ. ಶೋಪೆನ್‌ಹಾವರ್ ಹೇಳಿದ ಈ ದೃಷ್ಟಾಂತವನ್ನು ಫ್ರಾಯ್ಡ್ 1921ರಲ್ಲಿ ಎತ್ತಿಕೊಂಡ. ಇಂಗ್ಲಿಷ್ ಹೆಸರಿನಲ್ಲಿ ಅದು ‘ಹೆಜ್‌ಹಾಗ್’. ಜರ್ಮನ್ ಮೂಲದಲ್ಲಿರುವ ಪ್ರಾಣಿ ಬೇರೆ. ಅದರ ಹೆಸರನ್ನು ಬಿಡಿಸಿದರೆ ‘ಮುಳ್ಳು’ ಮತ್ತು ‘ಹಂದಿ’. ಕನ್ನಡಿಗರು ಮುಳ್ಳುಹಂದಿ ಎಂದರೆ ಸಾಕು, ಇಂಗ್ಲಿಷಿಗಿಂತ ಮೂಲಕ್ಕೆ ಹತ್ತಿರವಾಗುತ್ತದೆ.

ಈಗ 19 ಮತ್ತು 20. ಎರಡನ್ನೂ ಒಟ್ಟಿಗೆ, ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಇವಾಗೆ ಕರೆಂಟು ಹೋಗುವ ತಂತಿಯ ಹೆಸರೇ ‘ಅಂಬಿಲಿಕಲ್ ಕೇಬಲ್’, ಅಂದರೆ ಹೊಕ್ಕುಳಬಳ್ಳಿ. ಅದು ಕಳಚಿದರೆ ಒಳಗಿನ ಬ್ಯಾಟರಿ ಐದು ನಿಮಿಷ. 19ರಲ್ಲಿ ಬ್ಯಾಟರಿ ಮುಗಿದು ಇವಾ ನಿಂತುಬಿಡುತ್ತದೆ. ಶಿಂಜಿ ಒಳಗೆ ಕೂತು ‘ಅಲ್ಲಾಡು, ಅಲ್ಲಾಡು’ ಎಂದು ಅಂಗಲಾಚುತ್ತಾನೆ. ಎಲ್ಲ ಸೊನ್ನೆಯಾದ ಮೇಲೆ ಇವಾ ತಾನಾಗಿ ಎದ್ದು ಶತ್ರುವನ್ನು ಹರಿದು, ನೆಲಕ್ಕೆ ಬಾಗಿ ತಿನ್ನಲು ಶುರುಮಾಡುತ್ತದೆ. ಬರೀ ರಕ್ತಪಾತ ಎಂದು ಮುಂದೆ ಓಡಿಸಬೇಡಿ. ನಷ್ಟವಾದದ್ದನ್ನು ಮನಸ್ಸು ಹೇಗೆ ಒಳಗೆಳೆದುಕೊಳ್ಳುತ್ತದೆ ಎಂದು ವಿವರಿಸುವಾಗ ಫ್ರಾಯ್ಡ್ ಹಿಡಿದ ಮಾದರಿಯೇ ತಿನ್ನುವುದು, ಬಾಯಿಯ ಹಂತದ ನುಂಗುವಿಕೆ. 19ರ ಹೆಸರು ‘ಇಂಟ್ರೊಜೆಕ್ಷನ್’, ಮರುವಾರದ್ದರಲ್ಲಿ ‘ಓರಲ್ ಸ್ಟೇಜ್’. ನುಂಗಿದ್ದು ತಾಯಿ, ನುಂಗಿಸಿಕೊಂಡವನು ಬರೀ ಶತ್ರುವಲ್ಲ, ಮಗನೂ ಹೌದು. ಸಿಂಕ್, ಅಂದರೆ ಪೈಲಟ್ ಇವಾದೊಂದಿಗೆ ಬೆರೆತ ಪ್ರಮಾಣ, 400 ಶೇಕಡಾ ಮುಟ್ಟಿ ಶಿಂಜಿಯ ದೇಹವೇ ಕರಗಿಹೋಗಿ, ಪೈಲಟ್ ಕೂರುವ ಕೊಳವೆಯಾದ ಪ್ಲಗ್‌ನಲ್ಲಿ ಬಟ್ಟೆ ಮಾತ್ರ ತೇಲುತ್ತದೆ. ಮಗ ತಾಯಿಯನ್ನು ಒಳಗೆಳೆದುಕೊಳ್ಳಬೇಕಾದ ಕಡೆ ತಾಯಿಯೇ ಮಗನನ್ನು ಒಳಗೆಳೆದುಕೊಂಡಳು. ಫ್ರಾಯ್ಡ್ ಹೇಳಿದ ದಿಕ್ಕು ಇಲ್ಲಿ ತಿರುಗುಮುರುಗು. ಈ ತಿರುವನ್ನು ಗಮನದಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

16ರಲ್ಲಿ ಕ್ಲೈನ್ ಸರಿಯಾಗಿ ಕೂರುತ್ತಾಳೆ, ಆದರೆ ಹೆಸರು ಸೂಚಿಸುವ ಜಾಗದಲ್ಲಲ್ಲ. ಶಿಂಜಿ ಕತ್ತಲೆಯೊಳಗೆ ಸಿಕ್ಕಿ, ಸಂಜೆಬಿಸಿಲಿನ ರೈಲಿನಲ್ಲಿ ಇನ್ನೊಬ್ಬ ಶಿಂಜಿಯ ಎದುರು ಕೂತಿರುತ್ತಾನೆ. 12ರಲ್ಲಿ ತಂದೆ ಫೋನಿನಲ್ಲಿ ‘ಚೆನ್ನಾಗಿ ಮಾಡಿದೆ, ಶಿಂಜಿ’ ಎಂದಿದ್ದ. ಆ ಒಂದು ಮಾತನ್ನು ಹಿಡಿದುಕೊಂಡೇ ಬದುಕುತ್ತೇನೆ ಎನ್ನುತ್ತಾನೆ ಇವನು. ಹಿತವಾದವನ್ನಷ್ಟೇ ಜಪಮಣಿಯ ಹಾಗೆ ಪೋಣಿಸಿಕೊಂಡು ಬದುಕಲಾಗುವುದಿಲ್ಲ ಎನ್ನುತ್ತಾನೆ ಅವನು. ಮಣಿ ಒಂದೇ, ಎಣಿಸುವುದು ನೂರೆಂಟು ಸಲ. ಮೊಲೆಯ ಬದಲು ತಂದೆಯನ್ನು ಸೀಳಿರುವುದು ಇಲ್ಲಿ: ಹೊಗಳಿದ ತಂದೆ ಒಂದು ಕಡೆ, ಬಿಟ್ಟುಹೋದ ತಂದೆ ಇನ್ನೊಂದು ಕಡೆ, ನಡುವೆ ದಾರಿಯಿಲ್ಲ. ಪಾತ್ರಕ್ಕೆ ಫ್ರಾಯ್ಡನ್ನೋ ಕ್ಲೈನಳನ್ನೋ ಹಚ್ಚಿ ಬರೆಯುವವರು ಈ ರೈಲಿನಿಂದ ಶುರುಮಾಡಲಿ. ಏಕೆಂದರೆ ಕನಸಿನ ಅರ್ಥ ಕನಸು ಕಂಡವನಿಗೆ ಏನೇನು ನೆನಪಾಗುತ್ತದೋ ಅದರಿಂದಲೇ ಬರಬೇಕು ಎಂಬುದು 1900ರಿಂದಲೂ ಫ್ರಾಯ್ಡನ ಷರತ್ತು. ಕಲ್ಪಿತ ಪಾತ್ರವನ್ನು ಮಂಚದ ಮೇಲೆ ಮಲಗಿಸಿ ‘ಇದರಿಂದ ನಿನಗೇನು ನೆನಪಾಗುತ್ತದೆ’ ಎಂದು ಕೇಳಲಾಗದು. ಇವಾಂಜೆಲಿಯನ್‌ನ ದೊಡ್ಡ ಅನುಕೂಲವೆಂದರೆ 16, 20, 25, 26ರಲ್ಲಿ ಪಾತ್ರಗಳು ತಾವಾಗಿಯೇ ಆ ಕೆಲಸ ಮಾಡಿಕೊಡುತ್ತವೆ. ಬೇರೆ ಬಹಳಷ್ಟು ಅನಿಮೆಗಳಲ್ಲಿ ಈ ಕಚ್ಚಾ ಸಾಮಗ್ರಿ ಇರುವುದಿಲ್ಲ. ಅಲ್ಲಿ ಫ್ರಾಯ್ಡ್ ಮಾಡಹೊರಟರೆ ಬರೆಯುವವನ ಮನಸ್ಸೇ ಹೊರಬರುತ್ತದೆ.

ಎಡವುವ ಜಾಗಗಳು ಕೆಲವಿವೆ. ಮೊದಲನೆಯದು ಶಿಂಜಿ, ಅಸುಕಾ, ರೇ ಎಂಬ ಮೂವರು ಪೈಲಟ್‌ಗಳಿಗೆ ಇಡ್ (ಕಚ್ಚಾ ಬಯಕೆ), ಈಗೋ (ತಾನು), ಸೂಪರ್ ಈಗೋ (ಒಳಗಿನಿಂದ ಗದರುವ ದನಿ) ಎಂದು ಚೀಟಿ ಅಂಟಿಸುವುದು. ಅಸುಕಾ ಕೂಗಾಡುತ್ತಾಳೆ, ಹಾಗಾಗಿ ಇಡ್. ರೇ ಸುಮ್ಮನಿರುತ್ತಾಳೆ, ಹಾಗಾಗಿ ಸೂಪರ್ ಈಗೋ. ಫ್ರಾಯ್ಡ್ 1923ರಲ್ಲಿ ಹೇಳಿದ್ದು ಒಂದೇ ತಲೆಯೊಳಗಿನ ಜಗಳದ ಬಗ್ಗೆ; ಮೂವರಿಗೆ ಹಂಚಿದರೆ ಜಗಳವೇ ಉಳಿಯುವುದಿಲ್ಲ. ಸೂಪರ್ ಈಗೋ ಬೇಕೆಂದರೆ ಮೊದಲ ಎಪಿಸೋಡಿನಲ್ಲಿ ಶಿಂಜಿ ತನಗೇ ತಾನು ಹೇಳಿಕೊಳ್ಳುವ ‘ನಿಗೇಚಾ ದಮೇ ದಾ’ ಕೇಳಿ: ಓಡಿಹೋಗಬಾರದು, ಓಡಿಹೋಗಬಾರದು. ನಮ್ಮ ‘ಬಾರದು’ ಇದೆಯಲ್ಲ, ಯಾರು ಹೇಳಿದ್ದೆಂದು ಗೊತ್ತಾಗದ ಹಾಗೆ ತಪ್ಪು ಹೊರಿಸುವ ಆ ಪ್ರತ್ಯಯ, ಸೂಪರ್ ಈಗೋ ಮಾತಾಡುವುದು ಅದೇ ಧಾಟಿಯಲ್ಲಿ. ಮಾಗಿ ಎಂಬ ಮೂರು ಕಂಪ್ಯೂಟರುಗಳಿಗೂ ಇದೇ ಚೀಟಿ ಬೀಳುತ್ತದೆ, ಅದೂ ತಪ್ಪು. ಮೆಲ್ಕಿಯೋರ್, ಬಾಲ್ತಸಾರ್, ಕಾಸ್ಪರ್ ಮೂರೂ ನಾವೋಕೋ ಅಕಾಗಿ ಎಂಬ ಒಬ್ಬಳೇ ಹೆಂಗಸಿನ ಮೂರು ಮುಖ: ವಿಜ್ಞಾನಿ, ತಾಯಿ, ಹೆಣ್ಣು. ಅವು ಬಹುಮತದಿಂದ ತೀರ್ಮಾನಿಸುತ್ತವೆ. ಇಡ್ ಯಾವತ್ತೂ ವೋಟು ಹಾಕಿಲ್ಲ.

ಎರಡನೆಯದು ಸಂಕೇತದ ಬೇಟೆ. ಪ್ಲಗ್ ಗರ್ಭ, ಅದರೊಳಗಿನ ಎಲ್‌ಸಿಎಲ್ ಎಂಬ ದ್ರವ ಗರ್ಭಜಲ, ಕೇಬಲ್ ಹೊಕ್ಕುಳಬಳ್ಳಿ. ಸರಿ, ಆದರೆ ಇದನ್ನು ಸೀರೀಸೇ ಬಾಯಿಬಿಟ್ಟು ಹೇಳಿದೆ. ಬಾಯಿಬಿಟ್ಟು ಹೇಳಿದ್ದು ಸುಪ್ತಪ್ರಜ್ಞೆ ಹೇಗಾಗುತ್ತದೆ? ಹೊರಗೆ ತೇಲುತ್ತಿರುವುದನ್ನು ಮುಳುಗಿ ತಂದೆ ಎನ್ನಬೇಕಿಲ್ಲ.

ಮೂರನೆಯದು ಪಾತ್ರ ಬಿಟ್ಟು ನಿರ್ದೇಶಕನಿಗೆ ರೋಗ ಹೇಳುವುದು. ಇದಕ್ಕೆ ಮದ್ದು ಫ್ರಾಯ್ಡನ ಸ್ವಂತ ಎಡವಟ್ಟಿನಲ್ಲೇ ಇದೆ. 1910ರಲ್ಲಿ ಅವನು ಲಿಯೊನಾರ್ಡೊನ ಬಾಲ್ಯದ ಒಂದು ನೆನಪನ್ನು ಹಿಡಿದು ದೊಡ್ಡ ವಿವರಣೆ ಕಟ್ಟಿದ. ತೊಟ್ಟಿಲಿಗೆ ಬಂದ ಹಕ್ಕಿ ರಣಹದ್ದು, ರಣಹದ್ದೆಂದರೆ ಈಜಿಪ್ಟಿನ ಮಾತೃದೇವತೆ, ಹೀಗೆ. ಲಿಯೊನಾರ್ಡೊ ಬರೆದಿದ್ದ ಇಟಾಲಿಯನ್ ಪದದ ಅರ್ಥ ಬರೀ ಹದ್ದು. ಫ್ರಾಯ್ಡ್ ಓದಿದ ಜರ್ಮನ್‌ನಲ್ಲಿ ಅದು ರಣಹದ್ದಾಗಿತ್ತು. ಒಂದು ಪದ ಜಾರಿದ್ದಕ್ಕೆ ಮಾತೃದೇವತೆಯೇ ಬಂದು ಕೂತಳು.

ಸಬ್‌ಟೈಟಲ್ ನಂಬಿ ಅನಿಮೆ ವಿಶ್ಲೇಷಿಸುವವರು ಈ ಹಕ್ಕಿಯನ್ನು ಮರೆಯಬಾರದು. ನೆಟ್‌ಫ್ಲಿಕ್ಸಿನ ಮೇಲೆ ಮುಖ್ಯ ತಕರಾರು ಬಂದದ್ದೂ ಇಲ್ಲಿಯೇ. 24ರಲ್ಲಿ ಕಾವೋರು ಎಂಬ ಹುಡುಗ ಶಿಂಜಿಗೆ ‘ಸುಕಿ’ ಎನ್ನುತ್ತಾನೆ. ಹಳೆಯ ಇಂಗ್ಲಿಷ್ ಆವೃತ್ತಿಯಲ್ಲಿ ‘ಲವ್’ ಇದ್ದದ್ದು 2019ರ ಹೊಸ ಅನುವಾದದಲ್ಲಿ ‘ಲೈಕ್’ ಆಯಿತು. ಜಪಾನಿ ಪದ ಎರಡನ್ನೂ ಹೊರುತ್ತದೆ, ನಮ್ಮ ‘ಇಷ್ಟ’ದ ಹಾಗೆ. ‘ನೀನಂದ್ರೆ ನಂಗಿಷ್ಟ’ ಎಂದರೆ ಯಾವ ಇಷ್ಟ ಎಂದು ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದೇ ನಿರ್ಧರಿಸುತ್ತದೆ. ಆದ್ದರಿಂದ ಕಾವೋರು ಬಗ್ಗೆ ಬರೆಯುವವರು ಇಂಗ್ಲಿಷ್ ಸಾಲಿನ ಮೇಲೆ ಏನನ್ನೂ ಕಟ್ಟದೆ ಜಪಾನಿ ಆಡಿಯೋ ಹಾಕಿಕೊಂಡು ಆ ಒಂದು ಪದವನ್ನು ಕಿವಿಯಾರೆ ಕೇಳಲಿ.

ಇನ್ನು ಈಡಿಪಸ್, ಅಂದರೆ ಮಗ ತಾಯಿಯನ್ನು ಬಯಸಿ ತಂದೆಯನ್ನು ಪೈಪೋಟಿಗಾರನಾಗಿ ಕಾಣುತ್ತಾನೆಂಬ ಫ್ರಾಯ್ಡನ ಮಾತು. ತಂದೆ ಕ್ರೂರಿ, ತಾಯಿ ದೈತ್ಯದೊಳಗೆ, ಮಗ ಆ ದೈತ್ಯವನ್ನು ಹೊಕ್ಕುತ್ತಾನೆ. ಇನ್ನೇನು ಬೇಕು ಎನಿಸುತ್ತದೆ. ಸ್ವಲ್ಪ ನಿಧಾನಿಸಿ. ಶಿಂಜಿಗೆ ತಂದೆಯನ್ನು ಕೊಲ್ಲುವ ಆಸೆ ಅಪರೂಪ. ಅದು ಸ್ಪಷ್ಟವಾಗಿ ಎದ್ದು ಬರುವುದು ಪೈಲಟ್ ಮಾತು ಮೀರಿ ಇವಾವನ್ನು ಓಡಿಸುವ ಡಮ್ಮಿ ಸಿಸ್ಟಂ ಹಾಕಿಸಿ ತಂದೆ ಗೆಳೆಯನ ಇವಾವನ್ನು ಮಗನ ಇವಾದ ಕೈಯಿಂದಲೇ ನಜ್ಜುಗುಜ್ಜು ಮಾಡಿಸಿದ ಮೇಲೆ, 19ರ ಮೊದಲ ನಿಮಿಷಗಳಲ್ಲಿ. ಉಳಿದಂತೆ ಅವನಿಗೆ ಬೇಕಿರುವುದು ತಂದೆಯ ಮೆಚ್ಚುಗೆ. ಫ್ರಾಯ್ಡನ ಬಳಿ ಇದಕ್ಕೂ ಜಾಗವಿದೆ. ಈಡಿಪಸ್ ಕಾಂಪ್ಲೆಕ್ಸಿಗೆ ಎರಡು ಮುಖ, ಒಂದರಲ್ಲಿ ತಂದೆ ಪೈಪೋಟಿಗಾರ, ಇನ್ನೊಂದರಲ್ಲಿ ತಂದೆಯೇ ಪ್ರೀತಿಯ ಗುರಿ ಎಂದು 1923ರಲ್ಲಿ ಬರೆದ. ಆನ್‌ಲೈನ್ ಬರಹಗಳಲ್ಲಿ ಈ ಎರಡನೆಯ ಮುಖ ಕಾಣುವುದೇ ಕಡಿಮೆ. ಇಷ್ಟಾದರೂ ಕೀಲಿ ಪೂರ್ತಿ ತಿರುಗುವುದಿಲ್ಲ. ಯುಯಿಯನ್ನು ಮರಳಿ ಸೇರಬೇಕೆಂದು ಲೋಕವನ್ನೇ ಪಣಕ್ಕಿಟ್ಟವನು ಗೆಂಡೋ. ತಾಯಿಗಾಗಿನ ಹಸಿವು ಮಗನಿಗಿಂತ ತಂದೆಗೇ ಹೆಚ್ಚು, ಆ ಹಸಿವಿಗೆ ಅವನು ಬಳಸುವುದು ಮಗನ ಹದಿಹರೆಯವನ್ನು. ಕನ್ನಡ ಓದುಗರಿಗೆ ಇಲ್ಲಿ ಯಯಾತಿ ನೆನಪಾಗದಿದ್ದರೆ ಆಶ್ಚರ್ಯ. ಎ.ಕೆ. ರಾಮಾನುಜನ್ ಭಾರತದ ಕಥೆಗಳಲ್ಲಿ ಈಡಿಪಸ್ ಹುಡುಕಹೊರಟು ತೋರಿಸಿದ್ದೂ ಇದನ್ನೇ: ಇಲ್ಲಿ ಮಗ ತಂದೆಯ ಮೇಲೆ ಬೀಳುವುದಕ್ಕಿಂತ ತಂದೆ ಮಗನಿಂದ ಕಸಿದುಕೊಳ್ಳುವುದೇ ಹೆಚ್ಚು, ಯಯಾತಿಗೆ ಯೌವನ ಕೊಟ್ಟ ಪುರುವಿನ ಹಾಗೆ, ಶಂತನುವಿಗಾಗಿ ಮದುವೆ ಬಿಟ್ಟ ಭೀಷ್ಮನ ಹಾಗೆ. ತಾಯಿ–ಮಗನ ಮದುವೆಯ ಒಂದು ಕನ್ನಡ ಜನಪದ ಕಥೆಯನ್ನೂ ಅವರು ಎತ್ತಿಕೊಂಡಿದ್ದರು. ಅಲ್ಲಿ ಕಥೆ ನಡೆಯುವುದು ತಾಯಿಯ ಕಡೆಯಿಂದ.

ತಾಯಿಯ ಕಡೆಯಿಂದ ನೋಡಿದರೆ ಇವಾಂಜೆಲಿಯನ್ ಬೇರೆಯೇ ಕಾಣುತ್ತದೆ. ಇದರಲ್ಲಿ ಮೂವರು ತಾಯಂದಿರು. ಯುಯಿ ತನ್ನ ಪ್ರಯೋಗಕ್ಕೆ ಕೂಸನ್ನೂ ಕರೆತಂದಳು, ಅವನ ಕಣ್ಣೆದುರೇ ಕರಗಿಹೋದಳು. ಅವಳಿಗೆ ಅವಳದೇ ಒಂದು ದೊಡ್ಡ ಉದ್ದೇಶವಿತ್ತು. ಅಸುಕಾಳ ತಾಯಿ ಕ್ಯೋಕೋ ಪ್ರಯೋಗದ ನಂತರ ಬುದ್ಧಿ ಕದಡಿ, ಗೊಂಬೆಯೊಂದನ್ನು ಮಗಳೆಂದು ಕರೆದು, ಮಗಳನ್ನು ಗುರುತಿಸದೆ ನೇಣು ಹಾಕಿಕೊಂಡಳು. ನಾವೋಕೋ ಗೆಂಡೋನ ಮೋಹಕ್ಕೆ ಬಿದ್ದವಳು. ಸಿನಿಮಾದಲ್ಲಿ ಅವಳ ಮಗಳು ರಿತ್ಸುಕೋ ಎಲ್ಲವನ್ನೂ ಸ್ಫೋಟಿಸಲು ಗುಂಡಿ ಒತ್ತಿದಾಗ ಕಾಸ್ಪರ್, ಅಂದರೆ ತಾಯಿಯೊಳಗಿನ ಹೆಣ್ಣು, ಒಪ್ಪುವುದಿಲ್ಲ. ಮಗಳಿಗಿಂತ ನಿನ್ನ ಗಂಡಸೇ ನಿನಗೆ ಹೆಚ್ಚಾದನಲ್ಲ ಎಂದು ರಿತ್ಸುಕೋ ಯಂತ್ರದ ಎದುರು ಹೇಳುತ್ತಾಳೆ. ಒಬ್ಬಳು ಭವಿಷ್ಯವನ್ನು, ಒಬ್ಬಳು ಗೊಂಬೆಯನ್ನು, ಒಬ್ಬಳು ಗಂಡಸನ್ನು ಆರಿಸಿಕೊಂಡಳು. ಮೂರೂ ಕಡೆ ಮಗು ಎರಡನೆಯದು. ಈಡಿಪಸ್ ಓದಿನಲ್ಲಿ ತಾಯಿ ಬಯಕೆಯ ವಸ್ತು ಮಾತ್ರ, ಅವಳಿಗೇನು ಬೇಕಿತ್ತು ಎಂದು ಕೇಳುವವರಿಲ್ಲ. ಇಲ್ಲಿ ಮಕ್ಕಳ ಗಾಯವೆಲ್ಲ ಆ ಪ್ರಶ್ನೆಯಲ್ಲೇ ಇದೆ.

ಜಪಾನಿನ ಮನೋವಿಶ್ಲೇಷಕ ಹೆಯ್‌ಸಾಕು ಕೊಸಾವಾ ಇದಕ್ಕೆ ಬೇಕಾದ ಉಪಕರಣವನ್ನು 1930ರ ದಶಕದ ಆರಂಭದಲ್ಲೇ ಮಾಡಿಟ್ಟಿದ್ದ, ವಿಯೆನ್ನಾಕ್ಕೆ ಹೋಗಿ ಫ್ರಾಯ್ಡ್‌ಗೂ ಕೊಟ್ಟಿದ್ದ. ಹೆಸರು ಅಜಸೆ ಕಾಂಪ್ಲೆಕ್ಸ್. ಅಜಸೆ ಎಂದರೆ ಬೇರೆ ಯಾರೂ ಅಲ್ಲ, ನಮ್ಮ ಮಗಧದ ಅಜಾತಶತ್ರು. ಬೌದ್ಧ ಕಥೆಯ ಈ ರೂಪದಲ್ಲಿ, ಗಂಡನ ಪ್ರೀತಿ ತಪ್ಪೀತೆಂಬ ಭಯಕ್ಕೆ ರಾಣಿ ಮಗು ಬಯಸುತ್ತಾಳೆ. ಒಬ್ಬ ಋಷಿ ಸತ್ತು ಅವಳ ಮಗನಾಗಿ ಹುಟ್ಟಬೇಕು. ಕಾಯಲಾರದೆ ಋಷಿಯನ್ನು ಕೊಲ್ಲಿಸುತ್ತಾಳೆ, ಬಸುರಾದ ಮೇಲೆ ಅದೇ ಮಗುವಿಗೆ ಹೆದರುತ್ತಾಳೆ. ಮಗನಿಗೆ ಹುಟ್ಟುವ ಮೊದಲೇ ತಾಯಿಯ ಮೇಲೆ ಹಗೆ. ದೊಡ್ಡವನಾಗಿ ಅವಳನ್ನು ಕೊಲ್ಲಹೋಗಿ, ಪಾಪಪ್ರಜ್ಞೆಯಿಂದ ಮೈತುಂಬ ಹುಣ್ಣಾಗಿ ಬೀಳುತ್ತಾನೆ. ಯಾರೂ ಹತ್ತಿರ ಸುಳಿಯದಾಗ ಆರೈಕೆ ಮಾಡುವವಳು ಅದೇ ತಾಯಿ. ಶಿಕ್ಷೆಗೆ ಹೆದರಿ ಹುಟ್ಟುವ ತಪ್ಪಿತಸ್ಥ ಭಾವ ಬೇರೆ, ಕ್ಷಮೆ ಸಿಕ್ಕಾಗ ಹುಟ್ಟುವುದು ಬೇರೆ ಎಂಬುದು ಕೊಸಾವಾನ ಮಾತು. ಈ ಸೀರೀಸಿನಲ್ಲಿ ಮತ್ತೆ ಮತ್ತೆ ಬರುವ ಕತ್ತು ಹಿಸುಕುವ ದೃಶ್ಯಗಳಿಗೆ ಈಡಿಪಸ್ ಬಳಿ ಉತ್ತರವಿಲ್ಲ, ಅಜಸೆ ಬಳಿ ಇದೆ. ನಾವೋಕೋ ಪುಟ್ಟ ರೇಯ ಕತ್ತು ಹಿಸುಕುತ್ತಾಳೆ. ಆ ರೇ ಯುಯಿಯ ಪಡಿಯಚ್ಚು. ಕೊನೆಯ ದೃಶ್ಯದಲ್ಲಿ ಶಿಂಜಿ ಅಸುಕಾಳ ಕತ್ತು ಹಿಸುಕುತ್ತಾನೆ. ಅವಳು ಕೈ ಎತ್ತಿ ಅವನ ಕೆನ್ನೆ ಸವರುತ್ತಾಳೆ, ಅವನ ಹಿಡಿತ ಸಡಿಲುತ್ತದೆ. ಟಿವಿ ಆವೃತ್ತಿ ಮುಗಿಯುವುದೂ ತಂದೆಗೆ ಧನ್ಯವಾದ, ತಾಯಿಗೆ ವಿದಾಯ ಎಂಬ ಬರಹದ ಮೇಲೆ. ಈಡಿಪಸ್ ಪ್ರಕಾರ ಬಿಡಿಸಿಕೊಳ್ಳಬೇಕಾದ ಗಂಟು ತಂದೆಯದಾಗಿದ್ದರೆ ಈ ಎರಡು ಸಾಲು ಅದಲುಬದಲಾಗಬೇಕಿತ್ತು.

ಎಲ್ಲರೂ ಕರಗಿ ಒಂದಾಗುವ ಸಿನಿಮಾದ ಕ್ಲೈಮ್ಯಾಕ್ಸಿಗೆ ಮಾತ್ರ ಮತ್ತೆ ಫ್ರಾಯ್ಡ್ ಸಾಕು. ರಾಮಕೃಷ್ಣ ಪರಮಹಂಸರ ಜೀವನ ಬರೆದ ಫ್ರೆಂಚ್ ಲೇಖಕ ರೋಮ್ಯಾ ರೋಲಾ ‘ಸಾಗರದಂಥ ಅನುಭವ’ದ ಬಗ್ಗೆ ಪತ್ರ ಬರೆದಾಗ, ನನ್ನೊಳಗೆ ಅದು ಕಾಣಲಿಲ್ಲ, ಅದು ತಾನು–ಪರರೆಂಬ ಗೆರೆ ಮೂಡುವ ಮುಂಚಿನ ಕೂಸಿನ ಸ್ಥಿತಿಯ ಪಳೆಯುಳಿಕೆ ಎಂದು ಫ್ರಾಯ್ಡ್ 1930ರಲ್ಲಿ ಉತ್ತರಿಸಿದ. ಸಮುದ್ರದ ಆಳ ಅಳೆಯಹೋದ ಉಪ್ಪಿನ ಗೊಂಬೆಯ ಕಥೆ ಕೇಳಿ ಬೆಳೆದವರಿಗೆ ಕರಗುವುದೇ ಸಿದ್ಧಿ ಎನಿಸಬಹುದು. ಶಿಂಜಿ ಆ ಕೆಂಪು ಕಡಲಿನಿಂದ ಹೊರಬರುತ್ತೇನೆ ಎನ್ನುತ್ತಾನೆ. ಮುಳ್ಳಿದ್ದರೂ ಸರಿ, ಇನ್ನೊಬ್ಬರು ಇನ್ನೊಬ್ಬರಾಗಿಯೇ ಇರಲಿ. ಇದನ್ನು ಅದ್ವೈತ ಎಂದು ಹೊಗಳಿ ಬರೆಯುವವರು ಸಿನಿಮಾವನ್ನು ತಲೆಕೆಳಗೆ ಹಿಡಿದಿದ್ದಾರೆ.

ಸೇವೆಯ ಬಗ್ಗೆ ಇನ್ನೆರಡು ದೂರು. ಪ್ರತಿ ಎಪಿಸೋಡಿನ ಕೊನೆಗೆ ಬರುತ್ತಿದ್ದ ‘ಫ್ಲೈ ಮಿ ಟು ದಿ ಮೂನ್’ ಹಾಡು ನೆಟ್‌ಫ್ಲಿಕ್ಸ್ ಆವೃತ್ತಿಯಲ್ಲಿಲ್ಲ, ಬದಲಿಗೆ ಪಿಯಾನೋ ತುಣುಕು. ಭಾರವಾದ ಎಪಿಸೋಡಿನ ಬೆನ್ನಿಗೆ ಆ ಹಗುರ ಹಾಡು ಬಂದಾಗ ಆಗುತ್ತಿದ್ದ ಕಸಿವಿಸಿ ಈಗ ಆಗುವುದಿಲ್ಲ, ನಷ್ಟವೇ. ಆಟೋಪ್ಲೇ ಅಂತೂ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಯೇ ಕೂರಬೇಕು. 22ರ ಲಿಫ್ಟಿನಲ್ಲಿ ಅಸುಕಾ, ರೇ ಮಾತಿಲ್ಲದೆ ನಿಂತ ಸುಮಾರು ಒಂದು ನಿಮಿಷದ ಸ್ತಬ್ಧ ಚಿತ್ರವಿದೆ, ನೆಟ್ ಕೈಕೊಟ್ಟಿತೆಂದು ರಿಮೋಟ್ ಒತ್ತಬೇಡಿ.

ನೋಡುವ ಕ್ರಮ: 1ರಿಂದ 26, ಆಮೇಲೆ ‘ದಿ ಎಂಡ್’. ಜೊತೆಗಿರುವ ‘ಡೆತ್’ ಹಳೆಯ ದೃಶ್ಯಗಳ ಮರುಜೋಡಣೆ, ಬಿಟ್ಟರೂ ನಡೆಯುತ್ತದೆ. ಬರೆಯುವುದಕ್ಕಾಗಿ ಮತ್ತೆ ನೋಡುವವರಿಗೆ 4, 12, 13, 16, 18ರಿಂದ 22, ಕೊನೆಗೆ ಸಿನಿಮಾ ಸಾಕು. ಐದೂವರೆ ಗಂಟೆಯೊಳಗೆ ಮುಗಿಯುತ್ತದೆ. 22ರಲ್ಲಿ ಆತ್ಮಹತ್ಯೆ, ಸಿನಿಮಾದ ಆರಂಭದಲ್ಲಿ ಆಸ್ಪತ್ರೆಯ ಒಂದು ಅಸಹ್ಯ ದೃಶ್ಯ ಇವೆ. ಮಕ್ಕಳ ಜೊತೆ ಬೇಡ. ಅಸುಕಾಳ ಕಟ್ಟಕಡೆಯ ಮಾತು ‘ಕಿಮೋಚಿ ವಾರುಯಿ’. ‘ಅಸಹ್ಯ’ ಎಂದೂ ಆಗುತ್ತದೆ, ‘ಹೊಟ್ಟೆ ತೊಳೆಸುತ್ತಿದೆ’ ಎಂದೂ ಆಗುತ್ತದೆ. ಸಬ್‌ಟೈಟಲ್ ಯಾವುದನ್ನು ಆರಿಸಿದೆ ಎಂದು ನೋಡಿಕೊಂಡು, ಇನ್ನೊಂದನ್ನೂ ಇಟ್ಟು ಓದಿ.